ಕೊನೆಗೆರಡು ಎಳೆ ಹಸಿರು

ಕ್ರುವಾ ರೂಸ್ ಗುಡ್ಡ, ಲಿಯಾನ್
೯ ನವೆಂಬರ್ ೧೮೪೭

ತಂಗಿ ತಿಯೆನೆಟ್,

ನಿನ್ನನ್ನು ಸಿಸ್ಟರ್ ಅಗಾಥಾ ಎಂದು ಕರೆಯಬೇಕಂತೆ. ಹೋದ ಸಲ ನಿಮ್ಮ ಕನ್ಯಾಮಠದ ಬಾಗಿಲು ಕಾಯುವವಳು ನನ್ನನ್ನು ತಿದ್ದಿದಳು. ನಿನ್ನ ತಲೆಯ ಹೇನು ಹೆಕ್ಕಿದವಳು ನಾನು. ನನ್ನ ಬಾಯಿಗೆ ಆ ಹೆಸರು ಬರುವುದಿಲ್ಲ. ಈ ಪತ್ರವನ್ನು ನಿನಗಿಂತ ಮೊದಲು ನಿಮ್ಮ ಮಠದ ಮುಖ್ಯಸ್ಥೆ ಮದರ್ ಓದುತ್ತಾರೆಂದೂ ಗೊತ್ತು. ಓದಲಿ. ಮದರ್, ನಿಮಗೂ ನಮಸ್ಕಾರ.

ನಿನ್ನೆ ನೇಯ್ದು ಮುಗಿಸಿದ ಬಟ್ಟೆ ಹೊತ್ತುಕೊಂಡು ರೇಷ್ಮೆ ಸಾಹುಕಾರರ ಅಂಗಡಿಗೆ ಹೋಗಿದ್ದೆ. ಗುಮಾಸ್ತನ ಮೇಜಿನ ಮೇಲೆ ಇನ್ನೊಂದು ಸುರುಳಿ ಇತ್ತು, ಕಪ್ಪು ರೇಷ್ಮೆ. ಅದರ ಕೊನೆಯಲ್ಲಿ ಅಡ್ಡಕ್ಕೆ ಎರಡು ಎಳೆ ಹಸಿರು ನೂಲು ಹಾಕಿತ್ತು.

ನಿನಗೆ ನೆನಪಿರಬೇಕು. ಪ್ರತಿ ಬಟ್ಟೆ ಮುಗಿಸುವಾಗ ನನ್ನ ಗಂಡ ಬ್ಲೇಜ್ ಎರಡು ಎಳೆ ಹಸಿರು ಹಾಕಿಯೇ ಕತ್ತರಿಸುತ್ತಿದ್ದರು. ಸಾಹುಕಾರರು ಹೇಗಿದ್ದರೂ ಆ ತುದಿಯನ್ನು ಕತ್ತರಿಸಿ ಎಸೆಯುತ್ತಾರೆ, ಯಾಕೆ ಹಾಕುತ್ತೀರಿ ಎಂದರೆ, "ಹಾಕದೆ ಕತ್ತರಿಸಿದ್ರೆ ಮಾತು ಮುಗಿಸದೆ ಎದ್ದು ಹೋದ ಹಾಗಾಗುತ್ತೆ ಕಣೆ" ಎನ್ನುತ್ತಿದ್ದರು. ಮೂವತ್ನಾಲ್ಕರ ನೇಕಾರರ ದಂಗೆಯಲ್ಲಿ ಸೈನಿಕರು ಅವರಿಗೆ ಗುಂಡು ಹೊಡೆದ ದಿನ ಮಗ್ಗದ ಮೇಲೆ ಅರ್ಧ ಬಟ್ಟೆ ಇತ್ತು. ಉಳಿದದ್ದನ್ನು ನಾನು ನೇಯ್ದೆ. ಹಸಿರನ್ನೂ ನಾನೇ ಹಾಕಿದೆ. ತೊಟ್ಟಿಲ ವಯಸ್ಸು ಆಗಷ್ಟೇ ದಾಟಿದ್ದ ಮಗಳು ಫ್ಲೂರಿ ಮಗ್ಗದ ಕೆಳಗೆ ಕೂತು ನೋಡುತ್ತಿದ್ದಳು.

"ಇದು ಯಾರ ಕೈ?" ಎಂದು ಗುಮಾಸ್ತನನ್ನು ಕೇಳಿದೆ.

"ಮಠದ ಹುಡುಗಿಯರದು. ನೋಡಮ್ಮ, ಎಷ್ಟು ಅಚ್ಚುಕಟ್ಟು. ನಿನ್ನ ಎಡ ಅಂಚು ಯಾವಾಗ್ಲೂ ಬಿಗಿ. ಅದೂ ಅಲ್ದೆ ಅವರು ನಿನ್ನ ಅರ್ಧ ಕೂಲಿಗೆ ನೇಯ್ದು ಕೊಡ್ತಾರೆ. ಮುಂದಿನ ಹಾಸಿನ ನೂಲು ನಿನಗೆ ಕೊಡೋದು ಕಷ್ಟ."

ನನಗೆ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ. ಹಸಿರಿನ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತೆ. ಸಾವಿರ ಬಟ್ಟೆಯ ನಡುವೆ ಇಟ್ಟರೂ ಮಗಳ ಕೈಯನ್ನು ನಾನು ಗುರುತಿಸುತ್ತೇನೆ.

ತಿಯೆನೆಟ್, ನನ್ನ ಮಗಳ ಮಗ್ಗ ನನ್ನ ಮಗ್ಗದ ಕೆಲಸ ಕಸಿದುಕೊಂಡಿದೆ. ಅವಳಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಾನು ಎದೆನೋವಿನಿಂದ ಮಲಗಿದ್ದಾಗ ಅವಳನ್ನು ಮಠಕ್ಕೆ ಕೊಡುವ ಕರಾರಿಗೆ ಸಹಿ ಹಾಕಿದೆ. "ನನ್ನ ಕಣ್ಣೆದುರೇ ಇರ್ತಾಳೆ ಅಕ್ಕ" ಎಂದು ನೀನು ಹೇಳಿದ್ದೆ. ಈಗ ನನಗೆ ಗುಣವಾಗಿದೆ. ಕರಾರಿನಂತೆ ಅವಳಿಗೆ ಇಪ್ಪತ್ತೊಂದು ತುಂಬುವವರೆಗೆ ಕಾಯಲಾರೆ. ಐದು ವರ್ಷದಲ್ಲಿ ಅವಳನ್ನು ನಾಲ್ಕು ಸಲ ನೋಡಿದ್ದೇನೆ. ಅದೂ ಜಾಲರಿಯ ಆಚೆ, ಮಬ್ಬಿನಲ್ಲಿ, ಬೆಂಚಿನ ಮೇಲೆ ಕೂತಿದ್ದಾಗ. ಮದರ್ ಬಳಿ ಮಾತಾಡು. ಅವಳನ್ನು ಬಿಡಿಸಿ ಕೊಡು.

ನಿನ್ನ ಅಕ್ಕ,
ಪೆರೆಟ್


ಕನ್ಯಾಮಠ
೨೮ ನವೆಂಬರ್ ೧೮೪೭

ಪ್ರೀತಿಯ ಅಕ್ಕ,

ದೇವರ ಶಾಂತಿ ನಿನ್ನೊಂದಿಗಿರಲಿ.

ನಿನ್ನ ಪತ್ರವನ್ನು ಮದರ್ ಓದಿದರು. ನಿನ್ನ ನಮಸ್ಕಾರವೂ ಅವರಿಗೆ ತಲುಪಿತು. ಕರಾರು ಕರಾರೇ ಎಂದು ನಿನಗೆ ತಿಳಿಸಲು ಹೇಳಿದ್ದಾರೆ. ಇಲ್ಲಿರುವ ಅರವತ್ತು ಹುಡುಗಿಯರಲ್ಲಿ ನಲವತ್ತು ಮಂದಿಗೆ ತಾಯಿಯೂ ಇಲ್ಲ. ಒಬ್ಬಳನ್ನು ಬಿಟ್ಟರೆ ಉಳಿದವರಿಗೆ ಏನು ಹೇಳುವುದು? ನೇಯ್ಗೆಯಿಂದ ಬಂದದ್ದು ಅವರ ಅನ್ನಕ್ಕೇ ಹೋಗುತ್ತದೆ. ಕೂಲಿಯ ಮಾತನ್ನು ಇನ್ನು ಪತ್ರದಲ್ಲಿ ಬರೆಯಬೇಡ.

ಫ್ಲೂರಿ ಚೆನ್ನಾಗಿದ್ದಾಳೆ. ಅವಳನ್ನು ಕಿಟಕಿ ಪಕ್ಕದ ಮಗ್ಗಕ್ಕೆ ಹಾಕಿಸಿದ್ದೇನೆ. ನನ್ನಿಂದ ಆದದ್ದು ಅಷ್ಟೇ. ಅವಳು ಬರೆದ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ.

ಸಿಸ್ಟರ್ ಅಗಾಥಾ


(ಆ ಚೀಟಿ)

ಪ್ರೀತಿಯ ಅಮ್ಮ,

ನಾನು ಕ್ಷೇಮ. ಊಟ ಸಾಕಷ್ಟು ಸಿಗುತ್ತದೆ. ಉಪಕಾರಿಗಳಿಗಾಗಿ ದಿನವೂ ಪ್ರಾರ್ಥನೆ ಮಾಡುತ್ತೇವೆ. ನನ್ನ ಕೈಬರಹ ಸುಧಾರಿಸಿದೆ ಎಂದು ಮದರ್ ಹೇಳಿದರು.

ಅಪ್ಪ ಮಗ್ಗಕ್ಕೆ ಕಟ್ಟಿದ ಹಾಸುನೂಲಿನ ತುದಿ ಇನ್ನೂ ಇದೆಯೇ? ಹೊಸ ಹಾಸು ಬಂದರೆ ಅದಕ್ಕೆ ಯಾರು ಕೆಚ್ಚುತ್ತಾರೆ? ಎಳೆಗೆ ಎಳೆ ಸೇರಿಸಿ ಬೆರಳಲ್ಲಿ ಹೊಸೆಯುವಾಗ ಉಗುಳು ಹಚ್ಚಬಾರದು, ಗೋಂದಿನ ನೀರು ಹಚ್ಚಬೇಕು ಎಂದು ಇಲ್ಲಿ ಹೇಳಿಕೊಡುತ್ತಾರೆ. ಆದರೆ ಉಗುಳು ಹಚ್ಚಿದರೇ ಗಟ್ಟಿಯಾಗುತ್ತದೆ.

ನಿಮ್ಮ ವಿಧೇಯ ಮಗಳು,
ಫ್ಲೂರಿ


ಕ್ರುವಾ ರೂಸ್
೬ ಜನವರಿ ೧೮೪೮

ತಂಗಿ,

ಇವತ್ತು ಮೂರು ರಾಜರ ಹಬ್ಬ. ನಾನು ಹಬ್ಬದ ಕೇಕು ಮಾಡಲಿಲ್ಲ. ಕ್ರಿಸ್ಮಸ್ಸಿನಿಂದ ಮಗ್ಗ ನಿಂತಿದೆ. ಈ ಗುಡ್ಡದಲ್ಲಿ ಮಗ್ಗದ ಸದ್ದು ನಿಂತ ಮನೆಯನ್ನು ಕಂಡರೆ ಜನ ಮೆಟ್ಟಿಲ ಮೇಲೆ ದನಿ ತಗ್ಗಿಸುತ್ತಾರೆ, ಒಳಗೆ ಹೆಣ ಇದೆಯೇನೋ ಎಂಬಂತೆ. ಮೊದಮೊದಲು ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಅಭ್ಯಾಸವಾಗಿದೆ.

ಎದುರುಮನೆಯ ಗಾಸ್ಪಾರ್ ಅಜ್ಜ ಒಂದು ತುಂಡು ಕೇಕು ತಂದರು. ನೇಕಾರರ ಸಹಾಯ ಸಂಘದ ಯಜಮಾನರು, ಬಾಯಿ ಜೋರು. ಜೊತೆಗೆ ಅವರ ಅಳಿಯನೂ ಬಂದಿದ್ದ. ಅವನು ಅಮೆರಿಕಕ್ಕೆ ಹೋಗುತ್ತಾನಂತೆ. ಅಲ್ಲಿ ಯಾರೋ ಹೊಸ ಊರು ಕಟ್ಟುತ್ತಾರಂತೆ.

"ಅಲ್ಲಿ ಎಲ್ಲಾ ಎಲ್ಲರದ್ದು ಮಾವ. ದುಡ್ಡು ಅನ್ನೋದೇ ಇರಲ್ಲ" ಎಂದ.

"ದುಡ್ಡಿಲ್ಲದ ಊರು ನೋಡೋಕೆ ಹಡಗು ಹತ್ತಬೇಕೇನಯ್ಯಾ? ನಮ್ಮ ಮೆಟ್ಟಿಲು ಹತ್ತಿದ್ರೆ ಸಾಕಲ್ಲ."

ನಕ್ಕೆ ತಿಯೆನೆಟ್. ಎಷ್ಟೋ ದಿನದ ಮೇಲೆ ನಕ್ಕೆ. ಆಮೇಲೆ ಅಜ್ಜ ತಮ್ಮ ಎಂದಿನ ಮಾತಿಗೆ ಬಂದರು.

"ಮಠಗಳ ಮಗ್ಗ ಮುರೀಬೇಕು ಪೆರೆಟ್. ದೇವರ ಹೆಸರು ಹೇಳ್ಕೊಂಡು ಅನಾಥ ಮಕ್ಕಳ ಬೆರಳಿಂದ ನಮ್ಮ ಕುತ್ತಿಗೆ ಹಿಸುಕ್ತಿದ್ದಾರೆ."

"ಆ ಬೆರಳುಗಳಲ್ಲಿ ಹತ್ತು ನನ್ನ ಮಗಳದ್ದು ಅಜ್ಜ."

ಅವರು ಕೇಕಿನ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು.

ಫ್ಲೂರಿಗೆ ಹೇಳು: ಅಪ್ಪನ ಹಾಸಿನ ತುದಿ ಹಾಗೇ ಇದೆ. ಹದಿಮೂರು ವರ್ಷದಿಂದ ಪ್ರತಿ ಹೊಸ ಹಾಸನ್ನೂ ಹಿಂದಿನದರ ತುದಿಗೆ ಕೆಚ್ಚಿಕೊಂಡೇ ಬಂದಿದ್ದೇನೆ, ಒಂದು ಸಲವೂ ಮಗ್ಗ ಬರಿದು ಮಾಡಿಲ್ಲ. ಲೆಕ್ಕಕ್ಕೆ ನಾನು ನೇಯುತ್ತಿರುವುದು ಈಗಲೂ ಅವರು ಕಟ್ಟಿದ ಹಾಸಿನ ಮೇಲೆಯೇ. ಶನಿವಾರಕ್ಕೊಮ್ಮೆ ಧೂಳು ಒರೆಸುತ್ತೇನೆ. ಕೆಚ್ಚುವುದಕ್ಕೆ ಹೊಸ ಹಾಸು ಬಂದಿಲ್ಲ, ಅಷ್ಟೇ. ಉಗುಳಿನ ವಿಷಯದಲ್ಲಿ ಅವಳು ಹೇಳಿದ್ದೇ ಸರಿ.

ಮದರ್, ಕೂಲಿಯ ಬಗ್ಗೆ ನಾನು ಒಂದು ಮಾತೂ ಬರೆದಿಲ್ಲ.

ಪೆರೆಟ್


ಕನ್ಯಾಮಠ
೩೦ ಜನವರಿ ೧೮೪೮

ಪ್ರೀತಿಯ ಅಕ್ಕ,

ಒಂದು ಒಳ್ಳೆಯ ಸುದ್ದಿ. ಫ್ಲೂರಿ ತಾನಾಗಿಯೇ ಹೋಗಿ ಮದರ್ ಎದುರು ನಿಂತು ಕೇಳಿದಳು. ಈಸ್ಟರ್ ಭಾನುವಾರ ಪೂಜೆ ಮುಗಿದ ಮೇಲೆ ಸಂಜೆ ನಾಲ್ಕರವರೆಗೆ ಅವಳು ನಿನ್ನ ಮನೆಯಲ್ಲಿರಬಹುದು. ನಾನೇ ಕರೆತರುತ್ತೇನೆ. ಅರ್ಧ ದಿನ. ಮೊದಲ ಸಲ ಹೀಗೆ ಒಪ್ಪಿದ್ದಾರೆ, ಇದು ಕೆಡದಂತೆ ನೋಡಿಕೋ.

ನೋಡಿದಾಗ ಗಾಬರಿಯಾಗಬೇಡ. ಚಳಿಗಾಲದಲ್ಲಿ ಇಲ್ಲಿ ಜ್ವರ ಬಂದಿತ್ತು, ಎಲ್ಲರ ಕೂದಲನ್ನೂ ಕತ್ತರಿಸಿದೆವು. ಅವಳು ಈಗ ನನಗಿಂತ ಎತ್ತರ.

ಅರ್ಧ ದಿನಕ್ಕೆ ಅಮ್ಮ ಏನು ಅಡುಗೆ ಮಾಡುತ್ತಾಳೆ ಎಂದು ನಿನ್ನೆಯಿಂದ ಮೂರು ಸಲ ಕೇಳಿದಳು.

ಸಿಸ್ಟರ್ ಅಗಾಥಾ


ಕ್ರುವಾ ರೂಸ್
೨೬ ಫೆಬ್ರವರಿ ೧೮೪೮

ತಿಯೆನೆಟ್,

ಇದನ್ನು ಆತುರದಲ್ಲಿ ಬರೆಯುತ್ತಿದ್ದೇನೆ, ಗಾಸ್ಪಾರ್ ಅಜ್ಜನ ಅಳಿಯ ಓಡಿಬಂದು ಕೊಡುತ್ತಾನೆ. ಪ್ಯಾರಿಸಿನಲ್ಲಿ ರಾಜ ಓಡಿಹೋದನಂತೆ. ಗಣರಾಜ್ಯವಂತೆ. ಗುಡ್ಡದ ಮಗ್ಗಗಳೆಲ್ಲ ನಿಂತಿವೆ, ಈ ಸಲ ದುಃಖಕ್ಕಲ್ಲ. ಮೆಟ್ಟಿಲಲ್ಲಿ ಗುರುತಿಲ್ಲದವರೂ ತಬ್ಬಿಕೊಳ್ಳುತ್ತಿದ್ದಾರೆ.

ಜನ ಮಠಗಳ ಕಡೆ ಹೊರಟಿದ್ದಾರೆ. ಮಗ್ಗಗಳನ್ನು ಸುಡುತ್ತಾರೆ, ಯಾರ ಮೈಯನ್ನೂ ಮುಟ್ಟುವುದಿಲ್ಲ, ಒಂದು ಸೂಜಿಯನ್ನೂ ಕದಿಯುವುದಿಲ್ಲ. ಅಜ್ಜ ಎಲ್ಲರಿಂದ ಆಣೆ ಹಾಕಿಸಿದ್ದಾರೆ. ನಾನೂ ಅವರ ಜೊತೆ ಬರುತ್ತಿದ್ದೇನೆ. ಒಬ್ಬಳೇ ಬಂದರೆ ನಿಮ್ಮ ಬಾಗಿಲು ತೆರೆಯುವುದಿಲ್ಲವಲ್ಲ.

ಅರ್ಧ ದಿನ ಯಾಕೆ? ಈಸ್ಟರ್‌ವರೆಗೆ ಯಾಕೆ? ಇವತ್ತೇ ಕರೆದುಕೊಂಡು ಬರುತ್ತೇನೆ. ಅವಳು ಎಲ್ಲಿದ್ದರೂ ಇರಲಿ, ಹುಡುಕುತ್ತೇನೆ. ಕೂದಲು ಕತ್ತರಿಸಿದರೇನು, ಎತ್ತರವಾದರೇನು. ನೂರು ಹುಡುಗಿಯರ ನಡುವಿನಿಂದ ನನ್ನವಳನ್ನು ಕಣ್ಣು ಮುಚ್ಚಿಕೊಂಡು ಆರಿಸುತ್ತೇನೆ.

ಪೆರೆಟ್


ಬ್ರಿಂದಾಸ್, ಸೋದರಮಾವನ ಮನೆ
೩ ಮಾರ್ಚ್ ೧೮೪೮

ಅಕ್ಕ,

ನಾವು ಮಾವನ ತೋಟದ ಮನೆಯಲ್ಲಿದ್ದೇವೆ. ನಾನು, ಫ್ಲೂರಿ, ಹೋಗಲು ಬೇರೆ ಕಡೆ ಇಲ್ಲದ ಆರು ಹುಡುಗಿಯರು. ಮಠದಲ್ಲಿ ಗೋಡೆಗಳು ಉಳಿದಿವೆ.

ನಡೆದದ್ದನ್ನು ಬರೆಯುತ್ತೇನೆ, ನೀನು ಓದು.

ಜನ ಗೇಟು ತಳ್ಳುತ್ತಿದ್ದ ಸದ್ದು ಕೇಳಿದಾಗ ಮಧ್ಯಾಹ್ನ ಎರಡು ಗಂಟೆ. ಹುಡುಗಿಯರನ್ನು ತೋಟದ ಬಾಗಿಲಿಂದ ಹೊರಗೆ ಕಳುಹಿಸಿ ಎಣಿಸಿದೆ. ಒಬ್ಬಳು ಕಡಿಮೆ. ಮೇಲೆ ಹೋಗಿ ನೋಡಿದರೆ ಫ್ಲೂರಿ ಮಗ್ಗದ ಮುಂದೆ ಕೂತಿದ್ದಾಳೆ, ಲಾಳಿಗೆ ಹಸಿರು ನೂಲು ಹಾಕುತ್ತಿದ್ದಾಳೆ.

"ಏಳೇ! ಗೇಟು ಮುರೀತಿದ್ದಾರೆ!"

"ಒಂದೇ ನಿಮಿಷ ಚಿಕ್ಕಮ್ಮ. ಹಸಿರು ಹಾಕದೆ ಹೇಗೆ ಕತ್ತರಿಸಲಿ?"

"ಬಿಟ್ಟು ಬಾ ಅಂದೆ!"

"ರೇಷ್ಮೆ ನಮ್ಮದಲ್ಲ, ಸಾಹುಕಾರರದ್ದು. ಕಳೆದುಹೋದ್ರೆ ಕಳ್ಳತನ ನೇಯ್ದವಳ ತಲೆಗೆ ಬರುತ್ತೆ. ಬೆಂಕಿ ಬಿದ್ರೆ ಮೊದಲು ರೇಷ್ಮೆ, ಆಮೇಲೆ ನೀನು, ಅಂತ ಅಮ್ಮ ಹೇಳಿಕೊಟ್ಟಿದ್ದಾಳೆ."

ಎರಡು ಎಳೆ ಹಾಕಿ, ಕತ್ತರಿಸಿ, ಸುರುಳಿ ಸುತ್ತಿ ಎದೆಗೆ ಅವುಚಿಕೊಂಡು ಇಳಿದಳು. ಅಂಗಳದಲ್ಲಿ ಅಷ್ಟರಲ್ಲಿ ಬೆಂಕಿ ಹಾಕಿದ್ದರು. ಜನರ ನಡುವೆ ಅವಳ ಕೈ ನನ್ನ ಕೈಯಿಂದ ತಪ್ಪಿಹೋಯಿತು. ನಾನು ಮತ್ತೆ ಕಂಡಾಗ ಅವಳು ಬೆಂಕಿಯ ಪಕ್ಕದಲ್ಲಿ ಮಂಡಿಯೂರಿದ್ದಳು. ಯಾರೋ ಒಬ್ಬ ಹೆಂಗಸು ಸುರುಳಿಯನ್ನು ಬೆಂಕಿಗೆ ಎಸೆದಳಂತೆ. ಇವಳು ಎರಡೂ ಕೈ ಹಾಕಿ ಅದನ್ನು ಎತ್ತಲು ಹೋಗಿದ್ದಾಳೆ. ಸಿಗಲಿಲ್ಲ.

ಇಲ್ಲಿಯ ವೈದ್ಯರು ದಿನಕ್ಕೆ ಎರಡು ಸಲ ಬರುತ್ತಾರೆ. ಜೀವಕ್ಕೆ ಭಯವಿಲ್ಲವಂತೆ. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವಂತೆ. ಎಡಗೈಯ ಹೆಬ್ಬೆರಳು ಉಳಿದರೂ ಉಳಿಯಬಹುದಂತೆ. ನೂಲು ಹಿಡಿಯುವ ಮಾತನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಗಿಲು ಕಾಯುವವಳ ಪೆಟ್ಟಿಗೆಯಲ್ಲಿ ನಿನ್ನ ಚೀಟಿ ಸಿಕ್ಕಿತು. ಬರುತ್ತೇನೆ ಎಂದಿದ್ದೆ. ಎಲ್ಲಿದ್ದೆ ಅಕ್ಕ?

ನಿನ್ನ ತಂಗಿ


ಕ್ರುವಾ ರೂಸ್
೬ ಮಾರ್ಚ್ ೧೮೪೮

ತಿಯೆನೆಟ್,

ಅಲ್ಲೇ ಇದ್ದೆ.

ಎರಡು ದಿನದಿಂದ ಈ ಎರಡು ಮಾತಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಕೂತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಪರವಾಗಿ ಏನನ್ನೂ ಸೇರಿಸುವುದಿಲ್ಲ.

ಗೇಟು ಬಿದ್ದ ಮೇಲೆ ಗಂಡಸರು ಮೇಲಿಂದ ಮಗ್ಗಗಳನ್ನು ಇಳಿಸಿದರು. ನಾವು ಹೆಂಗಸರು ಹಲಗೆ, ಲಾಳಿ, ಮಣೆ ಹೊತ್ತು ತಂದು ಬೆಂಕಿಗೆ ಹಾಕಿದೆವು. ನಾನು ನಾಲ್ಕು ಮಣೆ ಹಾಕಿದೆ. ಹಾಕುವಾಗಲೆಲ್ಲ ಬಂದವರ ಮುಖ ನೋಡುತ್ತಿದ್ದೆ. ಹುಡುಗಿಯರು ಕಾಣಲಿಲ್ಲ.

ಆಗ ಬೂದು ಟೊಪ್ಪಿಗೆಯ ಒಬ್ಬಳು ಹೊಗೆಯಿಂದ ಹೊರಗೆ ಬಂದಳು. ಎತ್ತರದವಳು, ಮುಖವೆಲ್ಲ ಮಸಿ. ನೇರವಾಗಿ ನನ್ನ ಕಡೆಗೇ ಓಡಿಬಂದಳು. ಕೈಯಲ್ಲಿದ್ದ ಸುರುಳಿಯನ್ನು ನನ್ನ ಮುಂದೆ ಚಾಚಿದಳು. ನಾನು ಕಿತ್ತುಕೊಂಡೆ ಎಂದು ಯಾರಾದರೂ ನಿನಗೆ ಹೇಳಿದ್ದರೆ ಅದು ಸುಳ್ಳು. ಅವಳು ಕೊಟ್ಟಳು, ನಾನು ತೆಗೆದುಕೊಂಡೆ. ಮಠದ ಸಿಸ್ಟರು ಯಾರೋ ರೇಷ್ಮೆ ಕೊಟ್ಟು ನಮ್ಮ ಬಾಯಿ ಮುಚ್ಚಿಸಲು ನೋಡುತ್ತಿದ್ದಾರೆ ಎಂದುಕೊಂಡೆ.

ಗಾಸ್ಪಾರ್ ಅಜ್ಜ ಆ ಕಡೆಯಿಂದ ಕೂಗಿದರು. "ಪೆರೆಟ್! ಏನದು ಕೈಯಲ್ಲಿ? ನಾವು ಕಳ್ಳರಲ್ಲ ಕಣಮ್ಮ!"

ಎಲ್ಲರೂ ನನ್ನನ್ನು ನೋಡಿದರು. ನನ್ನ ಜನ, ನನ್ನ ಬೀದಿಯವರು. ಬ್ಲೇಜ್ ಹೆಂಡತಿ ರೇಷ್ಮೆ ಕದ್ದಳು ಎಂದು ನಾಳೆ ಹೇಳುತ್ತಾರೆ ಎನ್ನಿಸಿತು. ನನ್ನ ಕೈ ಸುಟ್ಟಂತಾಯಿತು. ಎಸೆದುಬಿಟ್ಟೆ.

ಆ ಹುಡುಗಿ ಏನೋ ಅಂದಳು. ಅಮ್ಮ ಎಂದಿರಬೇಕು. ಮಠದಲ್ಲಿ ಎಲ್ಲರನ್ನೂ ಅಮ್ಮ ಎನ್ನುತ್ತಾರಲ್ಲ ಎಂದುಕೊಂಡೆ. ಅವಳು ಬೆಂಕಿಯ ಕಡೆ ಬಗ್ಗಿದ್ದನ್ನು ನಾನು ನೋಡಲಿಲ್ಲ. ಆಗಲೇ ಬೆನ್ನು ತಿರುಗಿಸಿದ್ದೆ. ಮೇಲೆ ಹೋಗಿ ಒಂದೊಂದು ಕೋಣೆಯಲ್ಲೂ "ಫ್ಲೂರಿ, ಫ್ಲೂರಿ" ಎಂದು ಕೂಗಿದೆ. ಹುಡುಗಿಯರೆಲ್ಲ ತೋಟದ ಕಡೆಯಿಂದ ಹೋದರು ಎಂದು ಯಾರೋ ಹೇಳಿದರು. ಸದ್ಯ ತಪ್ಪಿಸಿಕೊಂಡಳು ಎಂದು ಸಮಾಧಾನದಿಂದ ಮನೆಗೆ ಬಂದೆ. ರೊಟ್ಟಿ ತಿಂದೆ. ಹೌದು, ತಿಂದೆ.

ಐದು ವರ್ಷದಿಂದ ಅವಳು ನಿಂತದ್ದನ್ನು ನಾನು ನೋಡೇ ಇರಲಿಲ್ಲ ತಿಯೆನೆಟ್.

ಇನ್ನೊಂದು ಬರೆಯಬೇಕು. ಬಟ್ಟೆ ಕತ್ತರಿಸಿ ಸುತ್ತಿದರೆ ಕೊನೆಯ ತುದಿ ಹೊರಗೆ ಬರುತ್ತದೆ. ಹಸಿರು ಹೊರಗಿತ್ತು. ನನ್ನ ಹೆಬ್ಬೆರಳ ಕೆಳಗೇ ಇತ್ತು. ಸುರುಳಿ ಕಟ್ಟಿದ ದಾರ ಎಂದುಕೊಂಡೆ.

ಅವಳಿಗೆ ಇದನ್ನು ಹೇಳಬೇಕೋ ಬೇಡವೋ, ನೀನೇ ನೋಡಿಕೋ. ನನಗೆ ಅದನ್ನು ನಿರ್ಧರಿಸುವ ಅಧಿಕಾರ ಇಲ್ಲ.

ಪೆರೆಟ್


ಬ್ರಿಂದಾಸ್
೨ ಏಪ್ರಿಲ್ ೧೮೪೮

ಅಕ್ಕ,

ನಿನ್ನ ಪತ್ರ ಬಂದು ಮೂರು ವಾರ ದಾಟಿತು. ಎರಡು ಸಲ ಒಲೆಯ ಮುಂದೆ ಹಿಡಿದು, ಎರಡು ಸಲವೂ ಮಡಚಿಟ್ಟೆ. ನಿನ್ನ ಮೇಲೆ ನನಗೆ ಕೋಪವಿತ್ತು. ಆಮೇಲೆ ನೆನಪಾಯಿತು, ಅವಳನ್ನು ಮಠಕ್ಕೆ ಕೊಡು ಎಂದವಳು ನಾನು. ಜಾಲರಿಯ ಆಚೆ ಕೂರಿಸಿದವಳೂ ನಾನೇ. ಎದ್ದು ನಿಲ್ಲು, ಅಮ್ಮ ನೋಡಲಿ ಎಂದು ಒಂದು ಸಲವೂ ಹೇಳಲಿಲ್ಲ.

ಅವಳಿಗೆ ಹೇಳುವುದು ಬೇಡ ಎಂದುಕೊಂಡಿದ್ದೆ. ನಿನ್ನ ಪತ್ರ ಓದಿ ಹೇಳು ಎಂದು ಕೇಳಿದಳು. ಅಂಗಳದ ವಿಷಯ ಬಿಟ್ಟು, ಅಮ್ಮನಿಗೆ ತುಂಬ ದುಃಖವಾಗಿದೆ ಎಂದಷ್ಟೇ ಓದಿದೆ.

"ಚಿಕ್ಕಮ್ಮ, ಹಾಳೆ ಎರಡಿದೆ. ನೀವು ಓದಿದ್ದು ನಾಲ್ಕು ಸಾಲು" ಎಂದಳು.

ನಾನು ತಲೆ ತಗ್ಗಿಸಿದೆ.

"ಅದು ಅಮ್ಮ ಅಂತ ನನಗೆ ಗೊತ್ತು. ಅಂಗಳಕ್ಕೆ ಇಳಿದ ಕೂಡ್ಲೇ ಕಂಡಳು. ಅದೇ ಕಂದು ಶಾಲು, ಅದೇ ಹೆಗಲ ಮೇಲೆ ಗಂಟು. ಅದಕ್ಕೇ ಅಲ್ವಾ ಓಡಿದ್ದು? ಬೇರೆಯವರ ಹತ್ತಿರ ಯಾಕೆ ಹೋಗ್ತಿದ್ದೆ? ಅಮ್ಮನ ಕೈಗೆ ಕೊಟ್ರೆ ಸುರುಳಿ ಜೋಪಾನ ಅಂತ ಕೊಟ್ಟೆ."

ಅಳಲಿಲ್ಲ. ಕಿಟಕಿಯ ಕಡೆ ತಿರುಗಿ ಮಲಗಿದಳು.

ಮದರ್ ಮೊನ್ನೆ ಕರಾರನ್ನು ಹರಿದು ಕಳುಹಿಸಿದ್ದಾರೆ. ಅವಳೀಗ ಯಾರ ಕೈಯೊಳಗೂ ಇಲ್ಲ. ಮನೆಗೆ ಹೋಗುತ್ತೀಯಾ ಎಂದು ಕೇಳಿದೆ. ಅವಳು ಹೇಳಿದಳು: "ಹೋದ್ರೆ ಅಮ್ಮ ದಿನಾ ನನ್ನ ಕೈ ನೋಡ್ಬೇಕಾಗುತ್ತೆ. ಅವಳು ನೋಡೋದನ್ನ ನಾನು ನೋಡ್ಬೇಕಾಗುತ್ತೆ. ಬೇಡ ಚಿಕ್ಕಮ್ಮ. ಬರೋದು ಬೇಡ ಅಂತ ಅಮ್ಮನಿಗೂ ಬರೀರಿ."

ಬರೆದಿದ್ದೇನೆ.

ತಂಗಿ


ಕ್ರುವಾ ರೂಸ್
೨೪ ಏಪ್ರಿಲ್ ೧೮೪೮

ತಿಯೆನೆಟ್,

ನಿನ್ನೆ ಈಸ್ಟರ್. ಅವಳಿಗೆ ಕೊಟ್ಟಿದ್ದ ಅರ್ಧ ದಿನ.

ನಿನ್ನೆಯೇ ಚುನಾವಣೆಯೂ ಇತ್ತು. ಈ ದೇಶದ ಗಂಡಸರೆಲ್ಲ, ಬಡವ ಬಲ್ಲಿದ ಎನ್ನದೆ, ಮೊದಲ ಸಲ ಮತ ಹಾಕಿದರು. ಗಾಸ್ಪಾರ್ ಅಜ್ಜ ಮದುವೆಯ ಕೋಟು ತೊಟ್ಟು ಬಂದು ಬಾಗಿಲಲ್ಲಿ ನಿಂತರು. ಕೋಟಿನ ಗುಂಡಿಗಳನ್ನು ನಾನು ಹಾಕಿಕೊಟ್ಟೆ.

"ಬ್ಲೇಜ್ ಇರಬೇಕಿತ್ತು ಇವತ್ತು" ಎಂದರು. ಆಮೇಲೆ ನೆಲ ನೋಡುತ್ತಾ, "ಅವತ್ತು ನಾನು ಕೂಗಬಾರದಿತ್ತು ಪೆರೆಟ್."

"ಕೂಗಿದ್ದು ನೀವು. ಎಸೆದದ್ದು ನಾನು. ಹೋಗಿ ಅಜ್ಜ, ಸಾಲು ಉದ್ದ ಇರುತ್ತೆ."

ಮೊಟ್ಟೆಗಳನ್ನು ಈರುಳ್ಳಿ ಸಿಪ್ಪೆ ಹಾಕಿ ಕೆಂಪಗೆ ಬೇಯಿಸಿದ್ದೆ. ಎರಡು ತಟ್ಟೆ ಇಟ್ಟೆ. ಗಂಟೆ ನಾಲ್ಕಾಗುವವರೆಗೆ ಕೂತು ಆಮೇಲೆ ಎತ್ತಿಟ್ಟೆ. ಏನು ಅಡುಗೆ ಎಂದು ಮೂರು ಸಲ ಕೇಳಿದಳು ಎಂದು ಬರೆದಿದ್ದೆಯಲ್ಲ. ಮೊಟ್ಟೆ, ಬೆಣ್ಣೆ ಹಾಕಿದ ಆಲೂಗಡ್ಡೆ, ಹುಳಿ ಸೊಪ್ಪು. ಅಷ್ಟೇ ಇತ್ತು ಎಂದು ಹೇಳು.

ಬರಬೇಡ ಎಂದಿದ್ದಾಳೆ. ಬರುವುದಿಲ್ಲ.

ಪೆರೆಟ್


ಕ್ರುವಾ ರೂಸ್
೨ ಜುಲೈ ೧೮೪೮

ತಿಯೆನೆಟ್,

ಒಂದು ಸುಳ್ಳು ಹೇಳಿದ್ದೇನೆ. ಬಂದಿದ್ದೆ. ಮೇ ತಿಂಗಳ ಕೊನೆಯ ಭಾನುವಾರ ಬ್ರಿಂದಾಸಿನವರೆಗೆ ನಡೆದು ಬಂದು, ಮಾವನ ಮನೆಯ ತಿರುವಿನಲ್ಲಿ ಆಕ್ರೋಟು ಮರದ ಹಿಂದೆ ನಿಂತೆ. ಅವಳು ಹೆಬ್ಬಾತುಗಳನ್ನು ಅಟ್ಟಿಕೊಂಡು ಬಂದಳು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕೂದಲು ಕಿವಿಯವರೆಗೆ ಬೆಳೆದಿದೆ. ನಡಿಗೆ ಥೇಟು ಅವಳ ಅಪ್ಪನದೇ, ಎಡಗಾಲು ಸ್ವಲ್ಪ ಹೊರಗೆ ಹಾಕಿ. ಅವಳು ನಿಂತದ್ದನ್ನು ನೋಡಿದೆ. ಕರೆಯಲಿಲ್ಲ. ಅಷ್ಟೇ ನಡೆದದ್ದು, ಅವಳಿಗೆ ತಿಳಿಸಬೇಡ.

ನನಗೆ ಕೆಲಸ ಬಂದಿದೆ. ಹೊಸ ಸರ್ಕಾರ ಗುಡ್ಡದ ನೇಕಾರರಿಗೆ ಗಣರಾಜ್ಯದ ಮೂರು ಬಣ್ಣದ ಸೊಂಟಪಟ್ಟಿ, ಬಾವುಟ ನೇಯಲು ಹೇಳಿತು. ಪಟ್ಟಿಯ ಹಾಸು ಬಂದಾಗ ಕೆಚ್ಚುವವಳನ್ನು ಕರೆಸಿದೆ. ಹಳೆಯ ತುದಿ ಕತ್ತರಿಸಿ ಹೊಸದಾಗಿ ಹಾಕಿದರೆ ಸುಲಭ ಎಂದಳು. ಬೇಡ ಎಂದೆ. ಎರಡು ದಿನ ಕೂತು ಎಳೆಗೆ ಎಳೆ ಹೊಸೆದಳು. ಗೋಂದು ಹಚ್ಚಲು ಹೋದಳು, ಉಗುಳು ಹಚ್ಚು ಎಂದೆ.

ಹೋದ ವಾರ ಪ್ಯಾರಿಸಿನ ಸುದ್ದಿ ಬಂತು. ಕೆಲಸ ಕೇಳಿದ ಬಡವರ ಮೇಲೆ ಗುಂಡು ಹಾರಿಸಿದರಂತೆ, ರಾಜನಲ್ಲ, ಗಣರಾಜ್ಯವೇ. ಸತ್ತವರು ಸಾವಿರಾರಂತೆ. ಹಾರಿಸಿ ಎಂದವರು ಮೂರು ಬಣ್ಣದ ಪಟ್ಟಿ ಕಟ್ಟಿಕೊಂಡಿದ್ದರಂತೆ. ಗಾಸ್ಪಾರ್ ಅಜ್ಜ ಪತ್ರಿಕೆ ಮಡಚಿ ಕೋಟಿನ ಜೇಬಿಗಿಟ್ಟರು, ಅಷ್ಟೇ. ನಾನು ನೇಯ್ದದ್ದು ಯಾರ ಸೊಂಟಕ್ಕೆ ಹೋಗುತ್ತದೋ ನನಗೆ ಗೊತ್ತಿಲ್ಲ.

ಮೊನ್ನೆ ಮೊದಲ ಹಾಸು ಮುಗಿಯಿತು. ಕೊನೆಗೆ ಎರಡು ಎಳೆ ಹಸಿರು ಹಾಕಿದೆ. ಗುಮಾಸ್ತ ಕತ್ತರಿಸಿ ಎಸೆದ ಆ ಗೇಣುದ್ದದ ತುಂಡನ್ನು ಕೇಳಿ ಇಸಕೊಂಡೆ. ಇದರೊಳಗಿದೆ. ಕ್ಷಮಿಸು ಎಂದು ಕೇಳಲು ಕಳುಹಿಸುತ್ತಿಲ್ಲ. ಬೇಡ ಎಂದರೆ ಒಲೆಗೆ ಹಾಕಿಬಿಡು.

ಅಕ್ಕ


ಬ್ರಿಂದಾಸ್
೧೬ ಜುಲೈ ೧೮೪೮

ಅಕ್ಕ,

ನೀನು ತಿಳಿಸಬೇಡ ಎಂದದ್ದನ್ನು ತಿಳಿಸಲಿಲ್ಲ. ತುಂಡನ್ನು ಮಾತ್ರ ಅವಳ ಮಡಿಲಲ್ಲಿಟ್ಟೆ. ಸಂಜೆಯ ಹೊತ್ತು, ಹೆಬ್ಬಾತುಗಳನ್ನು ಆಗಷ್ಟೇ ಕೂಡಿಹಾಕಿದ್ದಳು. ನಾವಿಬ್ಬರೂ ಬಾಗಿಲ ಕಲ್ಲಿನ ಮೇಲೆ ಕೂತಿದ್ದೆವು.

ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಎರಡು ಮಣಿಕಟ್ಟಿನ ನಡುವೆ ಹಿಡಿದು ಎತ್ತಿದಳು. ಅವಳ ಬೆರಳುಗಳಿಗೆ ಈಗ ರೇಷ್ಮೆಯೂ ಗೋಣಿಯೂ ಒಂದೇ. ಅದಕ್ಕೇ ತುಂಡನ್ನು ಕೆನ್ನೆಗೆ ಒತ್ತಿಕೊಂಡಳು. ಈ ಅಂಚಿನಿಂದ ಆ ಅಂಚಿನವರೆಗೆ, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು.

"ಎಡ ಅಂಚು ಇನ್ನೂ ಬಿಗಿ" ಎಂದಳು. "ಎಷ್ಟು ಸಲ ಹೇಳಿದ್ರೂ ಕೇಳಲ್ಲ ಅಮ್ಮ."

ನಾನು ನಕ್ಕೆ. ಅವಳು ನಗಲಿಲ್ಲ.

"ಅವತ್ತು ಆಕ್ರೋಟು ಮರದ ಹಿಂದೆ ನಿಂತಿದ್ದಳು ಚಿಕ್ಕಮ್ಮ. ನಾನು ನೋಡಿದೆ. ಅದೇ ಶಾಲು. ಗುರುತೇ ಇಲ್ಲದವಳ ಹಾಗೆ ಹೆಬ್ಬಾತು ಹೊಡ್ಕೊಂಡು ಹೋದೆ."

ಇಷ್ಟು ಹೇಳಿ ತುಂಡನ್ನು ನನ್ನ ಮುಂದೆ ಹಿಡಿದಳು. ಕುತ್ತಿಗೆಗೆ ಕಟ್ಟಿ ಎಂದಳು. ನಿನ್ನ ಶಾಲಿನ ಹಾಗೆ ಗಂಟು ಹೆಗಲ ಮೇಲೆ ಬರಬೇಕಂತೆ. ಕಟ್ಟಿದೆ. ಗೇಣುದ್ದದ್ದು ಸಾಲಲಿಲ್ಲ, ನನ್ನ ದಾರ ಸೇರಿಸಿ ಕಟ್ಟಿದೆ.

ಬಾ ಎಂದಳೋ, ಬೇಡ ಎಂದಳೋ ನನಗೆ ತಿಳಿಯಲಿಲ್ಲ. ನಾನು ಕೇಳಲೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ಮುಂದಿನ ಹಾಸು ಮುಗಿದಾಗ ತುದಿಯನ್ನು ಇನ್ನೊಂದು ಗೇಣು ಹೆಚ್ಚು ಬಿಟ್ಟು ನೇಯಿ.

ತಿಯೆನೆಟ್